ಮೊದಲ ಸುತ್ತು ಅಜ್ಜನದು

ದೊಡ್ಡಪ್ಪನ ಬಲಗೈ ಹೆಬ್ಬೆರಳಿನ ಉಗುರು ಉಳಿದ ಉಗುರುಗಳಿಗಿಂತ ಉದ್ದವಾಗಿತ್ತು. ಅದನ್ನು ಬೇಕೆಂದೇ ಬೆಳೆಸಿದ್ದರು. ಗಂಗಾವತಿಯ ತಮ್ಮ ಅಕ್ಕಿ ಗಿರಣಿಗೆ ಬಂದ ಭತ್ತದ ಕಾಳನ್ನು ಆ ಉಗುರಿನಿಂದ ಸೀಳಿ ನೋಡಿ, ಹಸಿಯೋ ಒಣಗಿದ್ದೋ ಹೇಳುತ್ತಿದ್ದರು. ಸಂಜೆ ಮಾಳಿಗೆಯ ಕೋಣೆಗೆ ಹೋದ ಮೇಲೆ ಅದೇ ಉಗುರನ್ನು ಆಟದ ರೈಲಿನ ಹಳಿಯ ಮೇಲೆ ಎಳೆಯುತ್ತ ಹೋಗುತ್ತಿದ್ದರು. ಉಗುರು ತಡೆದಲ್ಲಿ ರೈಲೂ ತಡೆಯುತ್ತದೆ ಎಂಬುದು ಅವರ ಲೆಕ್ಕ.

ಕಾಲೇಜು ಓದುವಾಗ ನಾನು ಅವರ ಮನೆಯಲ್ಲಿದ್ದೆ. ಆ ಕೋಣೆಯ ತುಂಬ ಹಲಗೆ ಹಾಸಿ, ಅದರ ಮೇಲೆ ಹಳಿ ಜೋಡಿಸಿದ್ದರು. ಕೊಪ್ಪಳದಿಂದ ಹೊರಟ ಹಳಿ ಭಾನಾಪುರ, ತಳಕಲ್ ದಾಟಿ, ಯಲಬುರ್ಗಾ, ಕುಷ್ಟಗಿ ಸುತ್ತಿ ಗಂಗಾವತಿಗೆ ಬರುತ್ತಿತ್ತು. ನಿಜವಾದ ರೈಲು ತಳಕಲ್ ಆದ ಮೇಲೆ ಗದಗಿಗೆ ಹೋಗುತ್ತಿತ್ತು. ಗಂಗಾವತಿಗೆ ಆಗ ರೈಲೇ ಇರಲಿಲ್ಲ.

ಒಮ್ಮೆ ದಲ್ಲಾಳಿಯೊಬ್ಬರು ಇದನ್ನು ನೋಡಿ ಕೇಳಿದರು: "ಸಾವ್ಕಾರ್ರ, ಗಂಗಾವತಿಗೆ ಸ್ಟೇಷನ್ ಯಾವಾಗ ಆತ್ರಿ?"

"ಆಗಿಲ್ರಿ. ರೈಲ್ವೇದವರು ತರೂತನಾ ನಾವ್ಯಾಕ ಕಾಯೂಣು?" ಎಂದರು ದೊಡ್ಡಪ್ಪ.

ಅವರ ಹಳೆಯ ಎಂಜಿನ್‌ಗೆ ಮನೆಯಲ್ಲಿ ಎಲ್ಲರೂ ಅಜ್ಜ ಎನ್ನುತ್ತಿದ್ದರು. ಹೈದರಾಬಾದಿನಲ್ಲಿ ಓದುವಾಗ, ಊರು ಬಿಟ್ಟು ಹೊರಟಿದ್ದ ಅಧಿಕಾರಿಯೊಬ್ಬರ ಮನೆಯಿಂದ ಅದನ್ನು ಕೊಂಡಿದ್ದರಂತೆ. ಕಪ್ಪು ಬಣ್ಣ, ಅಂಗೈಗೆ ಭಾರ. ಒಂದು ಮಗ್ಗುಲಿನ ಬಣ್ಣ ಪೂರಾ ಹೋಗಿ ಲೋಹ ಕಾಣುತ್ತಿತ್ತು. ಪ್ರತಿ ಮಹಾನವಮಿಯಂದು ಆಯುಧ ಪೂಜೆ ಮುಗಿದ ಮೇಲೆ ಅಜ್ಜ ಒಂದು ಸುತ್ತು ಹಾಕಬೇಕು, ಆಮೇಲೆ ಗಿರಣಿಯ ಮೋಟರು ಸುರುವಾಗಬೇಕು. ಈ ಪದ್ಧತಿಯನ್ನು ದೊಡ್ಡಪ್ಪ ತಮಾಷೆಗೆ ಆರಂಭಿಸಿದ್ದರು. ಹಮಾಲರು ಅದನ್ನು ನಂಬಿಬಿಟ್ಟಿದ್ದರು.

1982ರ ಬೇಸಿಗೆಯಲ್ಲಿ ಅವರ ಮಗ, ನನ್ನ ಅಣ್ಣ, ಮುಂಬಯಿಯಿಂದ ಹೊಸ ಎಂಜಿನ್ನು, ಹೊಸ ಹಳಿ ತಂದ. ಹಳೆಯ ಹಳಿಗೆ ತುಕ್ಕು ಹಿಡಿದಿತ್ತು. ಅದನ್ನೆಲ್ಲ ಕಿತ್ತು ಗುಜರಿಗೆ ಹಾಕಿ ಹೊಸದನ್ನು ಜೋಡಿಸಿದೆವು. ಹೊಸ ಎಂಜಿನ್ನು ಸದ್ದಿಲ್ಲದೆ ಓಡಿತು. ಅಜ್ಜನನ್ನು ಇಟ್ಟರೆ ಕಟಕಟ ಎಂದು ಕುಣಿದು, ಭಾನಾಪುರ ಮುಟ್ಟುವುದರೊಳಗೆ ಹಳಿ ಬಿಟ್ಟು ಇಳಿಯಿತು. ಕಾರಣ ಸರಳವಿತ್ತು. ಹಳೆಯ ಕಾಲದ ಗಾಲಿಗಳಿಗೆ ಒಳಬದಿಯ ಅಂಚು ಆಳ. ಹೊಸ ಹಳಿಯ ಎತ್ತರ ಕಡಿಮೆ. ಹಳಿಯನ್ನು ಹಿಡಿದಿಡಲು ಅದರ ಎರಡೂ ಬದಿಗೆ ಪ್ಲಾಸ್ಟಿಕ್ಕಿನ ಸಣ್ಣ ಸಣ್ಣ ಉಬ್ಬುಗಳು, ಗುಬುಟುಗಳು, ಇದ್ದವು. ಅಜ್ಜನ ಗಾಲಿಯ ಅಂಚು ಒಳಬದಿಯ ಪ್ರತಿಯೊಂದು ಗುಬುಟನ್ನೂ ಎಡವುತ್ತಿತ್ತು.

"ಅಪ್ಪಾಜಿ, ಗಾಲಿ ಅಂಚು ಒಂಚೂರು ಕಾನಸಿಲೆ ಉಜ್ಜಿದ್ರ ಮುಗೀತು. ಅರ್ಧ ತಾಸಿನ ಕೆಲಸ," ಎಂದು ಅಣ್ಣ ಅರ ಹುಡುಕತೊಡಗಿದ.

"ಉಜ್ಜಿದ್ದು ತಿರುಗಿ ಹಚ್ಚಾಕ ಬರತೈತೇನು?"

"ಯಾಕ ಹಚ್ಚಬೇಕ್ರಿ?"

"ಇಷ್ಟು ವರ್ಷ ಓಡಿದ ಕಾಲು ಅವು. ಈಗ ಕೊಯ್ಯೂದ್ಯಾಕ? ಹಾದೀನ ಸರಿ ಮಾಡೂಣು."

ಅಣ್ಣ ನಕ್ಕ. "ಗುಬುಟು ಎಷ್ಟದಾವ ಗೊತ್ತೇನ್ರಿ?"

"ನನಗ ಗೊತ್ತಿಲ್ಲ. ನಿನ್ನ ತಂಗಿ ಎಣಸ್ತಾಳ. ಓದೂದು ತಪ್ಪಿಸಾಕ ಆಕಿಗೆ ಅದ ಬೇಕಾಗೇತಿ."

ನಾನೇ ಎಣಿಸಿದೆ. ಸಂಖ್ಯೆ ಕೇಳಿ ಅಣ್ಣ ಹಣೆ ಒರೆಸಿಕೊಂಡ. ದೊಡ್ಡಪ್ಪ, "ಹಂಗಾದ್ರ ಇವತ್ತ ಸುರು ಮಾಡಬೇಕು," ಎಂದು ಕನ್ನಡಕ ಹಾಕಿಕೊಂಡರು.

ಗಡ್ಡದ ಬ್ಲೇಡಿನಿಂದ ಒಳಬದಿಯ ಗುಬುಟನ್ನು ಮಾತ್ರ ಹೆರೆಯಬೇಕು, ಹೊರಬದಿಯದನ್ನು ಮುಟ್ಟಬಾರದು. ಹೆಚ್ಚು ಹೆರೆದರೆ ಹಳಿ ಸಡಿಲಾಗುತ್ತದೆ. ಹಳಿಯ ಮೊದಲ ತುಂಡು ಅವರ ಕೈಯಲ್ಲಿ ಕೆಟ್ಟೇ ಹೋಯಿತು. ಎರಡನೆಯದಕ್ಕೆ ಅಂಟು ಹಾಕಿ ನಿಲ್ಲಿಸಿದರು. ಮೂರನೆಯದರಿಂದ ಕೈ ಪಳಗಿತು. ಮಳೆಗಾಲವಿಡೀ ಸಂಜೆಗಳು ಇದಕ್ಕೇ ಹೋದವು. ಮಹಾನವಮಿ ಹತ್ತಿರವಾದಂತೆ ಹಮಾಲರ ಮುಖಂಡ ಮಾಳಿಗೆಯ ಮೆಟ್ಟಿಲಿನ ಬಳಿ ನಿಂತು ಕೇಳತೊಡಗಿದ: "ಅಜ್ಜ ಎಲ್ಲೀತನಾ ಬಂದಾನ್ರಿ, ಧಣೇರ?"

"ಯಲಬುರ್ಗಾ ದಾಟ್ಯಾನಪ."

"ಈ ಸಲ ಮುಟ್ಟಲಿಲ್ಲಂದ್ರ ಮೋಟರ್ ಸುರು ಮಾಡೂದು ಹೆಂಗ್ರಿ?"

ದೊಡ್ಡಪ್ಪ ಶಕುನ ನಂಬುವವರಲ್ಲ. ಆದರೂ ಅಂದಿನಿಂದ ಊಟವಾದ ಮೇಲೂ ಒಂದು ತಾಸು ಕೂರತೊಡಗಿದರು.

ಹಬ್ಬದ ಹಿಂದಿನ ದಿನ ಕೆಲಸ ಮುಗಿಯಿತು. ಮರುದಿನ ಎಲ್ಲರೂ ಮಾಳಿಗೆಯಲ್ಲಿ ನೆರೆದರು. ಗುಂಡಿ ಒತ್ತಿದರೆ ಅಜ್ಜ ಕದಲಲಿಲ್ಲ. ಅಣ್ಣ ತಂತಿ ನೋಡಿದ, ಸರಿಯಿತ್ತು. ದೊಡ್ಡಪ್ಪ ಹಳಿಯ ಮೇಲೆ ಉಗುರು ಎಳೆದು ನೋಡಿದರು. ಉಗುರಿನ ತುದಿ ಬೆಳ್ಳಗಾಯಿತು.

ಗಿರಣಿಯ ತಕ್ಕಡಿ, ಮೋಟರುಗಳಿಗೆ ಹಚ್ಚಿದ ಹಾಗೆ ದೊಡ್ಡವ್ವ ಹಳಿಯ ಉದ್ದಕ್ಕೂ ವಿಭೂತಿ ಹಚ್ಚಿದ್ದರು. ವಿದ್ಯುತ್ತು ಹಳಿಯಿಂದಲೇ ಗಾಲಿಗೆ ಏರಬೇಕು. ವಿಭೂತಿ ಅದನ್ನು ತಡೆದಿತ್ತು.

"ಹಳೇವಕ್ಕ ಹಚ್ಚಬ್ಯಾಡ ಅಂದಿದ್ರಿ. ಇವು ಹೊಸಾವು, ಮೊದಲನೇ ಪೂಜಿ ಅಂತ ಹಚ್ಚೀನಿ," ಎಂದರು ದೊಡ್ಡವ್ವ. ಮುಖ ಸಣ್ಣದಾಗಿತ್ತು.

"ಹಚ್ಚಿದ್ದು ಛಲೋ ಆತು. ಒರಸೂದು ನನ್ನ ಕೆಲಸ," ಎಂದು ದೊಡ್ಡಪ್ಪ ಹೆಗಲ ಮೇಲಿನ ಹೊಸ ಶಲ್ಯ ತೆಗೆದು, ಮೊಣಕಾಲೂರಿ, ಕೊಪ್ಪಳದಿಂದ ಗಂಗಾವತಿಯವರೆಗೆ ಒರೆಸಿದರು. ಅಜ್ಜ ಹೊರಟಿತು. ಎಲ್ಲಿಯೂ ಎಡವಲಿಲ್ಲ. ಗಂಗಾವತಿ ಸ್ಟೇಷನ್ನಿನಲ್ಲಿ ನಿಂತಾಗ ಮುಖಂಡ ಕೆಳಗಿನವರಿಗೆ ಕೂಗಿ ಹೇಳಿದ: "ಮುಟ್ಯಾನ, ಮೋಟರ್ ಹಾಕ್ರಪ."

1987ರ ಶ್ರಾವಣದಲ್ಲಿ ದೊಡ್ಡಪ್ಪ ಹೃದಯಾಘಾತದಿಂದ ತೀರಿಕೊಂಡರು. ಆಗ ನಾನು ತಾವರಗೇರಾದಲ್ಲಿ ಶಿಕ್ಷಕಿಯಾಗಿದ್ದೆ. ಆ ವರ್ಷದ ಮಹಾನವಮಿಗೆ ಗಂಗಾವತಿಗೆ ಹೋದೆ. ಅಣ್ಣ ಮುಂಬಯಿ ಬಿಟ್ಟು ಬಂದು ಗಿರಣಿ ನೋಡಿಕೊಳ್ಳುತ್ತಿದ್ದ. ಹಮಾಲರು ಯಾರೂ ಕರೆಯದೆ ಮೆಟ್ಟಿಲ ಮೇಲೆ ಬಂದು ನಿಂತಿದ್ದರು. ದೊಡ್ಡವ್ವ ಬಾಗಿಲ ಹೊರಗೇ ಉಳಿದಿದ್ದರು. ಅವರ ಹಣೆಯಲ್ಲಿ ಕುಂಕುಮವಿರಲಿಲ್ಲ. ಪೂಜೆಗೆ ತಾವು ಮುಂದೆ ಬರಬಾರದು ಎಂದು ಅವರೇ ತೀರ್ಮಾನಿಸಿಕೊಂಡಿದ್ದರು.

ಅಣ್ಣ ವಿಭೂತಿ ಗಟ್ಟಿಯನ್ನು ತೆಗೆದುಕೊಂಡು ಹೋಗಿ ಅವರ ಕೈಗೆ ಕೊಟ್ಟ. "ಅವ್ವಾ, ಹಳಿಗೆ ಹಚ್ಚು ಬಾ."

"ಬ್ಯಾಡಪ. ಹಚ್ಚಿದ್ರ ಅಜ್ಜ ನಿಂತುಬಿಡತಾನ."

"ನಿಲ್ಲಲಿ. ಒರಸಾಕ ನಾ ಅದೀನಿ."

ದೊಡ್ಡವ್ವ ಒಳಗೆ ಬಂದು ಹಚ್ಚಿದರು, ಅವಸರವಿಲ್ಲದೆ, ಕುಷ್ಟಗಿಯ ತಿರುವನ್ನೂ ಬಿಡದೆ. ಅಣ್ಣ ಅಪ್ಪನ ಶಲ್ಯ ಹಿಡಿದು ಅವರ ಹಿಂದೆಯೇ ಮೊಣಕಾಲೂರಿ ಒರೆಸುತ್ತ ಹೋದ. ಇಷ್ಟರಲ್ಲಿ ಹೊತ್ತು ಭಾಳ ಆಯಿತು. ಹಮಾಲರು ಯಾರೂ ಕದಲಲಿಲ್ಲ. ಅಜ್ಜ ಗಂಗಾವತಿ ಮುಟ್ಟಿದ ಮೇಲೆ ಕೆಳಗೆ ಮೋಟರು ಸುರುವಾಗಿ, ಮಾಳಿಗೆಯ ನೆಲ ನಡುಗಿತು.