ಆಸ್ಪತ್ರೆ ಎದುರಿನ ತವರುಮನೆ

ಡಾಕ್ಟರ್ ಗುಂಡಿ ಒತ್ತಿದ್ದೇ ತಡ, ಸ್ಕ್ಯಾನಿಂಗ್ ಪರದೆಯ ಬೂದು ಬಣ್ಣದ ನಡುವೆ ಕೆಂಪು-ನೀಲಿ ಗೆರೆಯೊಂದು ಮಿಡಿಯತೊಡಗಿತು. ಅವರು ಅದನ್ನೇ ಮತ್ತೆ ಮತ್ತೆ ನೋಡಿದರು.

“ಇದು ಕೂಸಿನ ರಕ್ತನಾಳ. ಗರ್ಭಕೋಶದ ಬಾಯಿಗೆ ಅಡ್ಡ ಬಂದದ. ನೀರು ಒಡದ್ರ ಇದೂ ಹರೀಬಹುದು, ಆಮ್ಯಾಲೆ ಕೂಸು ಉಳಿಯೂದು ಕಷ್ಟ. ನೋವು ಬರೂದ್ರಾಗನ ಆಪರೇಷನ್ ಮಾಡಬೇಕು. ಅಲ್ಲೀತನಕ ದವಾಖಾನಿ ಬಿಟ್ಟು ದೂರ ಹೋಗಬ್ಯಾಡ್ರಿ,” ಎಂದರು.

ಪಕ್ಕದಲ್ಲಿ ನಿಂತಿದ್ದ ಅವ್ವನ ಕೈಯಲ್ಲಿ ನನ್ನ ಬಟ್ಟೆಯ ಚೀಲವಿತ್ತು. ತಿರ್ಲಾಪುರದ ನನ್ನ ಗಂಡನ ಮನೆಯಲ್ಲಿ ಸೀಮಂತದ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಹುಬ್ಬಳ್ಳಿಯಲ್ಲಿ ಸ್ಕ್ಯಾನಿಂಗ್ ಮುಗಿಸಿ, ಅಂದೇ ತವರೂರು ಶಲವಡಿಗೆ ಕರೆದೊಯ್ಯಲು ಬಂದಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ನಮ್ಮ ಮನೆತನದಲ್ಲಿ ಅದು ತಪ್ಪಿದ್ದಿಲ್ಲ. ಅವ್ವ ಈಗ ಅಳುತ್ತಾಳೆ, ಇಲ್ಲವೇ ಡಾಕ್ಟರ ಜೊತೆ ವಾದಕ್ಕೆ ನಿಲ್ಲುತ್ತಾಳೆ ಎಂದುಕೊಂಡೆ. ಅವಳು ಕಣ್ಣು ಕಿರಿದು ಮಾಡಿ ಆ ಗೆರೆಯನ್ನು ನೋಡಿದಳು. ಚೀಲವನ್ನು ನೆಲಕ್ಕಿಟ್ಟಳು.

“ಹಂಗಾದ್ರ ತವರಮನೀನ ಇಲ್ಲಿಗೆ ತರ್ತೀನ್ರಿ.”

ಮರುದಿನವೇ ಆಸ್ಪತ್ರೆ ಎದುರು ಒಂದು ಕೋಣೆ ಹಿಡಿದಳು. ಊರಿನಿಂದ ರೊಟ್ಟಿ ಹಂಚು, ಜೋಳದ ಹಿಟ್ಟು, ನನ್ನ ಹಳೆಯ ಕೌದಿ ಬಂದವು. “ಬಾಡಿಗಿ ಖೋಲ್ಯಾಗ ಎಂಥಾ ಬಾಣಂತನ?” ಎಂದು ಕೊಂಕು ತೆಗೆದ ನೆಂಟರಿಗೆ ಅವ್ವ ಬಿಸಿ ರೊಟ್ಟಿ ಕೊಟ್ಟಳು. ಕೋಣೆ ಹಿಡಿದ ಆರನೆಯ ವಾರದಲ್ಲಿ ಆಪರೇಷನ್ ಆಯಿತು. ಕೂಸು ಚೀರಿದ್ದು ಕೇಳಿದ ಮೇಲೆಯೇ ಅವಳು ಅತ್ತಿದ್ದು.

ಮಗಳಿಗೀಗ ವರ್ಷ ತುಂಬಿದೆ. ಶಲವಡಿಯ ಮನೆ ಹಾಗೇ ಇದೆ. ಆದರೂ ತವರು ಅಂದಾಗ ನನಗೆ ಕೇಳಿಸುವುದು ಆ ಬಾಡಿಗೆ ಕೋಣೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದ ಸದ್ದು.