ಬೆಕ್ಕಿನ ಸಾಹೇಬರು
ಸಾಕಿದ ಬೆಕ್ಕು ನಾಯಿಗಳಿಗೆಲ್ಲ ಮರಿಯಾಗದಂತೆ ಆಪರೇಷನ್ ಮಾಡಿಸಲೇಬೇಕೆಂದು ಕಾನೂನು ಬಂದ ಮೇಲೆ, ಮನೆಮನೆಗೆ ಹೋಗಿ ಆಸ್ಪತ್ರೆಯ ಚೀಟಿ ನೋಡುವ ಕೆಲಸ ಬೆಕ್ಕಿನ ಸಾಹೇಬರದು. ಅವರು ಬೀದಿಯ ಆ ತುದಿಯಲ್ಲಿ ಕೆಮ್ಮಿದರೆ ಸಾಕು, ಈ ತುದಿಯವರೆಗೆ ಬಾಗಿಲುಗಳು ಪಟಪಟನೆ ಮುಚ್ಚಿಕೊಳ್ಳುತ್ತವೆ. "ನಮ್ಮನೇಲಿ ಇಲಿ ಬಿಟ್ರೆ ಏನೂ ಇಲ್ಲ ಸ್ವಾಮಿ!" ಎಂದು ಕಿಟಕಿಯಿಂದ ಒಬ್ಬಳು, "ಮೊದ್ಲು ನೀವೊಂದು ಮದುವೆ ಆಗಿ, ಆಮೇಲೆ ನಮ್ಮ ಬೆಕ್ಕಿನ ಸಂಸಾರಕ್ಕೆ ಬನ್ನಿ!" ಎಂದು ಇನ್ನೊಬ್ಬಳು. ಸಾಹೇಬರು ಸಿಟ್ಟಾಗುವುದಿಲ್ಲ; "ಚರಂಡೀಲಿ ಬಿಸಾಕಿದ ಮರಿಗಳನ್ನ ಎತ್ತೋನು ನಾನು ತಾಯಿ," ಎಂದಷ್ಟೇ ಹೇಳಿ ಮುಂದೆ ನಡೆಯುತ್ತಾರೆ. ಆಪರೇಷನ್ ಆದ ಬೆಕ್ಕಿಗೆ ಗುರುತಿಗೆಂದು ಎಡಗಿವಿಯ ತುದಿ ಕತ್ತರಿಸಿರುತ್ತಾರೆ. ಮೂರನೇ ಮಹಡಿಯಲ್ಲಿ ಕೂತ ಬೆಕ್ಕಿನ ಕಿವಿಯನ್ನೂ ಅವರು ಬೀದಿಯಲ್ಲಿ ನಿಂತೇ ಗುರುತಿಸಿಬಿಡುತ್ತಾರೆ. ಕೊನೆಯ ಮನೆಯ ಅಜ್ಜಿ ಮಾತ್ರ ಬಾಗಿಲು ತೆರೆದಿಟ್ಟು, ಎರಡು ಲೋಟ ಚಹಾ ಬಗ್ಗಿಸಿ, "ಚೀಟಿ ಎಲ್ಲಿಟ್ನೋ ಮರೆತೇಹೋಯ್ತು ಕಣಪ್ಪ, ಮುಂದಿನ ವಾರ ಬಾ," ಎನ್ನುತ್ತಾಳೆ. ಎರಡು ವರ್ಷದಿಂದ ಇದೇ ಮಾತು. ಸಾಹೇಬರಿಗೆ ಕೂರಲು ಕುರ್ಚಿ ಕೊಡುವ ಮನೆಯೂ ಅದೊಂದೇ. ಅವಳ ಬೆಕ್ಕು ಬಂದು ತನ್ನ ತುದಿಯಿಲ್ಲದ ಎಡಗಿವಿಯನ್ನು ಅವರ ಮೊಣಕಾಲಿಗೆ ಉಜ್ಜುತ್ತದೆ. ಸಾಹೇಬರು ಚಹಾ ಮುಗಿಯುವವರೆಗೂ ಆ ಕಿವಿಯನ್ನೇ ಸವರುತ್ತಾ ಕೂತು, ಆಮೇಲೆ ಪುಸ್ತಕ ತೆರೆದು ಬರೆದುಕೊಳ್ಳುತ್ತಾರೆ: "ಚೀಟಿ ಸಿಕ್ಕಿಲ್ಲ. ಮತ್ತೆ ಬರಬೇಕು."