ಉಸಿರು ಮರೆಯುವ ಮರಿಗಳು

ಕಾಸರಗೋಡಿನಿಂದ ತೆಂಕಿಗೆ, ಮುರಕಲ್ಲಿನ ಕೆಂಪು ಗುಡ್ಡದ ಮೇಲೆ ಒಂದು ಸಂಶೋಧನಾ ಕೇಂದ್ರ ಉಂಟು. ಅಲ್ಲಿ ವಸುಮತಿಯ ಕೆಲಸ ಇಲಿಮರಿಗಳ ಉಸಿರು ನೋಡುವುದು. ಆಗಷ್ಟೇ ಹುಟ್ಟಿದ, ರೋಮ ಬಾರದ ಮರಿಯನ್ನು ಅಂಗೈಯಲ್ಲಿ ಎತ್ತಿ ಗಾಜಿನ ಪುಟ್ಟ ಕೊಳವೆಯೊಳಗೆ ಮಲಗಿಸುತ್ತಾಳೆ. ಮರಿ ತಣ್ಣಗಾಗದಂತೆ ಪಕ್ಕದಲ್ಲೇ ಬಲ್ಬು ಉರಿಯುತ್ತಿರುತ್ತದೆ. ಅದು ಉಸಿರಾಡಿದಂತೆಲ್ಲ ಕಂಪ್ಯೂಟರಿನಲ್ಲಿ ಗೆರೆ ಏರಿ ಇಳಿಯುತ್ತದೆ.

ಸೆರೊಟೋನಿನ್ ಎಂಬ ರಸವೊಂದು ಮೆದುಳಿನ ಬುಡದಲ್ಲಿ ನರದಿಂದ ನರಕ್ಕೆ ಸುದ್ದಿ ಮುಟ್ಟಿಸುತ್ತದೆ. ಆ ಸುದ್ದಿಯನ್ನು ಹಿಡಿಯಲು ನರಗಳ ಮೈಮೇಲೆ ಗ್ರಾಹಕಗಳಿವೆ. ಗಾಳಿ ಸಾಲದಾದಾಗ ಆರೋಗ್ಯವಂತ ಮರಿ ಬಾಯಿ ಅಗಲಿಸಿ ಏದುಸಿರು ಎಳೆದು ಚೇತರಿಸಿಕೊಳ್ಳುತ್ತದೆ. ಆ ಗ್ರಾಹಕಗಳಲ್ಲಿ ಕೆಲವನ್ನು ಔಷಧಿಯಿಂದ ಮುಚ್ಚಿಬಿಟ್ಟರೆ ಮರಿ ತಡವರಿಸುತ್ತದೆ, ಒಮ್ಮೊಮ್ಮೆ ಸುಮ್ಮನಾಗುತ್ತದೆ. ಗೆರೆ ಮಲಗಿದ ಕೂಡಲೇ ವಸುಮತಿ ಒಳಗೆ ಆಮ್ಲಜನಕ ಬಿಟ್ಟು, ಹತ್ತಿಯಿಂದ ಮರಿಯ ಬೆನ್ನು ತಿಕ್ಕುತ್ತಾಳೆ. ಹೆಚ್ಚಿನವು ಮರಳುತ್ತವೆ. ಮರಳದವೂ ಇವೆ. ಅಂಥ ದಿನ ಅವಳು ಊಟದ ಬುತ್ತಿ ಬಿಚ್ಚುವುದಿಲ್ಲ.

"ಇಷ್ಟು ವರ್ಷ ಒಂದೇ ವಿಷಯ, ನಿಮಗೆ ಬೇಜಾರಾಗುದಿಲ್ವಾ ಮೇಡಂ?" ಎಂದು ಜೊತೆಗೆ ಕೆಲಸ ಮಾಡುವ ಪ್ರವೀತ್ ಒಮ್ಮೆ ಕೇಳಿದ್ದ.

"ಆಗ್ತದೆ," ಎಂದಳು. ಮುಂದೆ ಹೇಳಲಿಲ್ಲ.

ಹೇಳಬೇಕಾದರೆ ಉಜ್ವಲನಿಂದ ಶುರುಮಾಡಬೇಕಿತ್ತು. ಆಗ ಅವಳು ಕಾರಡ್ಕದ ಶಾಲೆಯೊಂದರಲ್ಲಿ ಜೀವಶಾಸ್ತ್ರದ ಟೀಚರ್. ಗಂಡ ಈಶ್ವರಪ್ರಸಾದ ವಿದ್ಯಾನಗರದಲ್ಲಿ ಸರಕಾರಿ ಗುಮಾಸ್ತ. ಮಗ ಉಜ್ವಲನಿಗೆ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ಒಂದು ಮಧ್ಯಾಹ್ನ ಹಾಲು ಕುಡಿಸಿ ಮಲಗಿಸಿದಳು. ಅದೇ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಎಬ್ಬಿಸಲು ಹೋದಾಗ ಮಗುವಿನ ಕೈ ತಣ್ಣಗಿತ್ತು.

ಕಾರಣ ಗೊತ್ತಾಗುವುದಿಲ್ಲ ಎಂದರು ಡಾಕ್ಟರು. ಅತ್ತೆಗೆ ಗೊತ್ತಿತ್ತು. "ಹಾಲು ನೆತ್ತಿಗೆ ಹತ್ತಿದ್ದು. ತೇಗು ಬರಿಸದೆ ಮಲಗಿಸಿದ್ದಾಳೆ," ಎಂದು ಬಂದವರೆಲ್ಲರಿಗೂ ಹೇಳಿದರು. ಈಶ್ವರಪ್ರಸಾದ ಹೌದು ಎನ್ನಲಿಲ್ಲ, ಅಲ್ಲ ಎಂದೂ ಎನ್ನಲಿಲ್ಲ. ಆ ಮೌನದಲ್ಲಿ ಎರಡು ವರ್ಷ ಕಳೆದು ಇಬ್ಬರೂ ಬೇರೆಯಾದರು. ನೆಂಟರ ಮನೆಯ ತೊಟ್ಟಿಲ ಶಾಸ್ತ್ರಗಳಲ್ಲಿ ವಸುಮತಿಯ ಕೈಗೆ ಯಾರೂ ಮಗು ಕೊಡಲಿಲ್ಲ. ಅವಳು ಹೋಗುವುದನ್ನೇ ಬಿಟ್ಟಳು, ಶಾಲೆಯನ್ನೂ ಬಿಟ್ಟಳು, ಮತ್ತೆ ಓದಲು ಕೂತಳು.

ಹೋದ ವರ್ಷ ಒಂದು ಬೆಳಿಗ್ಗೆ ಮರಿಗಳನ್ನು ತಾಯಿಯ ಬಳಿ ಬಿಡುತ್ತಿದ್ದಾಗ ಫೋನು ಬಂತು.

"ನಾನು, ಪ್ರಸಾದ."

ಅವನು ಮತ್ತೆ ಮದುವೆಯಾದದ್ದು ಅವಳಿಗೆ ಗೊತ್ತಿತ್ತು. ಮಗಳು ಹುಟ್ಟಿದ್ದು ಗೊತ್ತಿರಲಿಲ್ಲ.

"ಅದು ಮಲಗಿದ್ರೆ ನನಗೆ ಕೂತಲ್ಲಿ ಕೂರ್ಲಿಕ್ಕಾಗುದಿಲ್ಲ ವಸು. ಮೂಗಿನ ಹತ್ರ ಬೆರಳು ಹಿಡೀತಾ ಇರ್ತೇನೆ. ನೀನು ಅದನ್ನೇ ಓದಿದ್ದಂತೆ. ಎಂತ ಮಾಡ್ಬೇಕು?"

ಅವಳು ಗೋಡೆಗೆ ಒರಗಿ ನಿಂತಳು. ಸಿಟ್ಟು ಬರಬಹುದೆಂದು ಕಾದಳು. ಬರಲಿಲ್ಲ.

"ಬೆನ್ನ ಮೇಲೆ ಅಂಗಾತ ಮಲಗಿಸಿ. ದಿಂಬು, ದಪ್ಪ ಹೊದಿಕೆ ಬೇಡ. ಮುಖದ ಹತ್ರ ಬಟ್ಟೆ ಇರಬಾರದು. ಮಗು ಇದ್ದ ಕೋಣೇಲಿ ಯಾರೂ ಬೀಡಿ ಸಿಗರೇಟು ಎಳೀಬಾರದು."

"ಅಷ್ಟು ಮಾಡಿದ್ರೆ ಏನೂ ಆಗುದಿಲ್ವಲ್ಲ?"

"ಅಪಾಯ ತುಂಬ ಕಡಿಮೆ ಆಗ್ತದೆ. ಏನೂ ಆಗುದಿಲ್ಲ ಅಂತ ಮಾತು ಕೊಡ್ಲಿಕ್ಕೆ ಯಾರಿಂದಲೂ ಆಗುದಿಲ್ಲ."

ಅವನು ಮೆಲ್ಲನೆ ಕೇಳಿದ, "ನಮ್ಮ ಉಜ್ವಲನಿಗೆ ಎಂತ ಆದದ್ದು?"

"ಗೊತ್ತಿಲ್ಲ. ಹಾಗೆ ತೀರಿಕೊಂಡ ಕೆಲವು ಮಕ್ಕಳ ಮೆದುಳಲ್ಲಿ ಈ ಸೆರೊಟೋನಿನ್ನಿನ ವ್ಯವಸ್ಥೆ ಸರಿ ಇರ್ಲಿಲ್ಲ ಅಂತ ಕಂಡಿದ್ದಾರೆ. ಉಸಿರು ನಿಂತಾಗ ಎಚ್ಚರಿಸುವುದು ಅದೇ. ನಮ್ಮವನದ್ದು ಯಾರೂ ನೋಡ್ಲಿಲ್ಲ. ಇನ್ನು ನೋಡ್ಲಿಕ್ಕೂ ಆಗುದಿಲ್ಲ. ಆದ್ರೆ ಅವನಿಗೆ ತೇಗು ಬರಿಸಿಯೇ ಮಲಗಿಸಿದ್ದೆ. ನಿಮ್ಮಲ್ಲಿ ಆವತ್ತೇ ಹೇಳಿದ್ದೆ."

"ಹೇಳಿದ್ದಿ," ಎಂದ ಈಶ್ವರಪ್ರಸಾದ. "ಅಮ್ಮನಿಗೆ ನಾನು ಹೇಳ್ಬೇಕಿತ್ತು. ಈಗ ಅವರೂ ಇಲ್ಲ."

ಫೋನು ಇಟ್ಟ ಮೇಲೆ ವಸುಮತಿ ಕೇಂದ್ರದ ಕೈತೋಟದ ಕಡೆಗಿನ ಮೆಟ್ಟಿಲಿನಲ್ಲಿ ಬಹಳ ಹೊತ್ತು ಕೂತಿದ್ದಳು. ಆ ಮಾತಿಗೆ ಇಷ್ಟು ವರ್ಷ ಕಾದಿದ್ದಳು. ಬಂದಾಗ ಹೇಳಿಕೊಳ್ಳಲು ಹತ್ತಿರದವರು ಒಬ್ಬರೂ ಇರಲಿಲ್ಲ.

ಮೊನ್ನೆ ವಿದ್ಯಾನಗರದ ಬಸ್‌ಸ್ಟಾಪಿನಲ್ಲಿ ಒಬ್ಬಳು ಹೆಂಗಸು ಹತ್ತಿರ ಬಂದಳು. ಸೊಂಟದಲ್ಲಿ ದುಂಡಗಿನ ಹೆಣ್ಣುಮಗು.

"ವಸುಮತಿ ಅಕ್ಕ ಅಲ್ವಾ? ಫೋಟೋದಲ್ಲಿ ನೋಡಿದ್ದೆ. ನಾನು ರಂಜನಿ, ಪ್ರಸಾದರ ಮನೆಯವಳು. ನೀವು ಹೇಳಿದ ಹಾಗೆಯೇ ಮಲಗಿಸಿದ್ದು ನಾವು. ಇವಳಿಗೀಗ ವರ್ಷ ಕಳೀತು."

ಮಗು ವಸುಮತಿಯ ಕನ್ನಡಕವನ್ನೇ ನೋಡುತ್ತಿತ್ತು.

"ಒಮ್ಮೆ ಮನೆಗೆ ಬನ್ನಿ ಅಕ್ಕ."

"ಬರ್ತೇನೆ," ಎಂದಳು ವಸುಮತಿ. ಹೋಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಬಸ್ಸು ಬಂತು. ಹತ್ತಿ ಕಿಟಕಿಯ ಬಳಿ ಕೂತಳು. ಬಿಸಿಲಿಗೆ ಮಗುವಿನ ತಲೆಯ ಮೇಲೆ ರಂಜನಿ ಸೆರಗು ಎಳೆಯುವುದು ಕಾಣಿಸಿತು. ಕಂಡಕ್ಟರ್ ಬಂದು ಎಲ್ಲಿಗೆ ಎಂದು ಎರಡು ಸಲ ಕೇಳಬೇಕಾಯಿತು.